ಚಲಿಸುವ ಚಿತ್ರ, ನಿಶ್ಚಲವಾದ ಅಕ್ಷ

1878ರ ಜೂನ್ ತಿಂಗಳಿನಲ್ಲಿ, ಕ್ಯಾಲಿಫೋರ್ನಿಯದ ಪಾಲೊ ಆಲ್ಟೊ ಎಂಬಲ್ಲಿ ಕುದುರೆಯೋಟದ ಪಥದ ಮಗ್ಗುಲಿಗೆ ಹನ್ನೆರಡು ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿ, ಪಥಕ್ಕೆ ಅಡ್ಡಲಾಗಿ ಬಿಗಿದ ದಾರಗಳನ್ನು ಕುದುರೆಯು ಹರಿಯುತ್ತ ಹೋದ ಹಾಗೆಲ್ಲ ಒಂದೊಂದು ಕ್ಯಾಮರಾದ ಷಟರೂ ತಾನಾಗಿ ತೆರೆದು ಮುಚ್ಚುವಂತೆ ಹವಣಿಸಿ, ಸ್ಯಾಲಿ ಗಾರ್ಡ್‌ನರ್ ಎಂಬ ಹೆಣ್ಣುಕುದುರೆಯ ನಾಗಾಲೋಟವನ್ನು ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು ಸೆರೆಹಿಡಿದ ವೃತ್ತಾಂತವು ಲೋಕಪ್ರಸಿದ್ಧವಾದುದು. ಓಡುವ ಕುದುರೆಯ ನಾಲ್ಕು ಗೊರಸುಗಳೂ ಒಂದು ಕ್ಷಣ ನೆಲವನ್ನು ಬಿಟ್ಟಿರುತ್ತವೆ ಎಂಬ ನಿರ್ಣಯವು ಅಂದು ಸಿದ್ಧವಾಯಿತು. ಆದರೆ ಆ ಚಿತ್ರಗಳಲ್ಲಿ ಕುದುರೆಯನ್ನು ನೋಡಿದವರ ಪೈಕಿ ಅದರ ಹಿಂದಿದ್ದ ಬಿಳಿಯ ಗೋಡೆಯನ್ನು ಗಮನವಿಟ್ಟು ನೋಡಿದವರು ವಿರಳ. ಆ ಗೋಡೆಯ ಮೇಲೆ 27 ಅಂಗುಲಕ್ಕೊಂದರಂತೆ ಲಂಬರೇಖೆಗಳಿದ್ದುವು. ಪ್ರತಿಯೊಂದಕ್ಕೂ ಸಂಖ್ಯೆಯನ್ನು ಕೊಡಲಾಗಿತ್ತು. ನೆಲದ ಬಳಿಯಲ್ಲಿ 4 ಅಂಗುಲದ ಎತ್ತರಕ್ಕೊಂದರಂತೆ ಅಡ್ಡಗೆರೆಗಳಿದ್ದುವು. ಈ ಅಳತೆಗಳನ್ನು ಮೈಬ್ರಿಜ್ ತಾನು ಪ್ರಕಟಿಸಿದ ಚಿತ್ರಪತ್ರದ ಕೆಳಗೇ ಅಚ್ಚುಹಾಕಿಸಿದನು.

ಆ ಗೆರೆಗಳು ಇಲ್ಲದೆ ಹೋಗಿದ್ದರೆ ಹನ್ನೆರಡು ಚಿತ್ರಗಳಲ್ಲಿ ಹನ್ನೆರಡು ಕುದುರೆಗಳಿರುತ್ತಿದ್ದುವೇ ಹೊರತು ಒಂದು ಕುದುರೆಯ ಓಟವಿರುತ್ತಿರಲಿಲ್ಲ. ಚಿತ್ರದಿಂದ ಚಿತ್ರಕ್ಕೆ ಕುದುರೆ ಎಷ್ಟು ಮುಂದೆ ಸರಿಯಿತು, ಗೊರಸು ನೆಲದಿಂದ ಎಷ್ಟು ಮೇಲೆದ್ದಿತು ಎಂಬ ಪ್ರಶ್ನೆಗಳಿಗೆ ಉತ್ತರವು ದೊರೆಯುವುದು ಎಲ್ಲ ಚಿತ್ರಗಳಿಗೂ ಒಂದೇ ಆದ ಅಳತೆಯಿಂದ. ಚಲನೆಯೆಂಬುದು ಚಲಿಸದಿರುವ ಮತ್ತೊಂದರ ಅಪೇಕ್ಷೆಯಲ್ಲಿ ಮಾತ್ರ ತಿಳಿಯತಕ್ಕದ್ದು. ಇಂದು ಗಣಕಯಂತ್ರದಲ್ಲಿ ಸಮೀಕರಣವೊಂದನ್ನು ಬಿಡಿಸಿ ಅದರ ಪರಿಹಾರವನ್ನು ಚಲಚ್ಚಿತ್ರವಾಗಿ ತೋರಿಸಹೊರಟ ವಿದ್ಯಾರ್ಥಿಗೆ ಅಧ್ಯಾಪಕರು ಹೇಳುವ ‘ಅಕ್ಷದ ಮಿತಿಗಳನ್ನು ಮೊದಲು ಕಟ್ಟಿಹಾಕು’ ಎಂಬ ಮಾತು, ಅಂದು ಗೋಡೆಯ ಮೇಲೆ ಗೆರೆ ಎಳೆದ ಪದ್ಧತಿಯ ಮುಂದುವರಿಕೆಯೇ ಆಗಿದೆ. ಈ ಪದ್ಧತಿಯು ನಡೆದು ಬಂದ ದಾರಿಯನ್ನೂ, ನಡುವೆ ಅದು ತಪ್ಪಿಹೋದ ಕಾರಣವನ್ನೂ ಕೊಂಚ ವಿಸ್ತಾರವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೈಬ್ರಿಜನಿಗೂ ಮುಂಚೆ ಶರೀರಶಾಸ್ತ್ರಜ್ಞರು ಈ ತತ್ತ್ವವನ್ನು ಅರಿತಿದ್ದರು. 1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗನು ಮಸಿ ಹಿಡಿಸಿದ ಕಾಗದವನ್ನು ಸುತ್ತಿದ ಉರುಳೆಯೊಂದನ್ನು ಗಡಿಯಾರದ ಯಂತ್ರದಿಂದ ಸಮವೇಗದಲ್ಲಿ ತಿರುಗಿಸಿ, ರಕ್ತದ ಒತ್ತಡದ ಏರಿಳಿತವನ್ನು ಸೂಜಿಯಿಂದ ಅದರ ಮೇಲೆ ಬರೆಯಿಸಿದನು. ಫ್ರಾನ್ಸಿನ ಎಟಿಯೆನ್ ಜೂಲ್ ಮಾರೇ ಆ ವಿಧಾನವನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದನು. 1882ರಲ್ಲಿ ಪ್ಯಾರಿಸಿನ ಅಂಚಿನಲ್ಲಿ ಸ್ಥಾಪಿತವಾದ ತನ್ನ ಪ್ರಯೋಗಾಲಯದಲ್ಲಿ ಆತನು, ಕಪ್ಪು ಉಡುಪನ್ನು ತೊಟ್ಟು ಕೈಕಾಲುಗಳ ನೇರಕ್ಕೆ ಬಿಳಿಯ ಪಟ್ಟಿಗಳನ್ನು ಅಂಟಿಸಿಕೊಂಡ ಮನುಷ್ಯನನ್ನು ಕಪ್ಪು ಹಿನ್ನೆಲೆಯ ಮುಂದೆ ನಡೆಯಿಸಿ, ಆ ನಡಿಗೆಯ ಅನೇಕ ಕ್ಷಣಗಳನ್ನು ಒಂದೇ ಗಾಜಿನ ಫಲಕದ ಮೇಲೆ ಮೂಡಿಸಿದನು. ಫಲಕ ಒಂದೇ ಆದುದರಿಂದ ಪ್ರಮಾಣವೂ ಒಂದೇ. ಸಾಲದುದಕ್ಕೆ ಮೀಟರಿನ ಅಳತೆಯ ಪಟ್ಟಿಯೊಂದೂ, ಕಾಲವನ್ನು ಸೂಚಿಸುವ ಮುಳ್ಳಿನ ಮುಖಫಲಕವೊಂದೂ ಅದೇ ಚಿತ್ರದಲ್ಲಿ ಬೀಳುವಂತೆ ಆತನು ಏರ್ಪಡಿಸುತ್ತಿದ್ದನು.

ಈ ಪರಂಪರೆಯ ಅತ್ಯಂತ ಪರಿಚಿತವಾದ ಫಲವು ನಮ್ಮ ಊರಿನ ಆಸ್ಪತ್ರೆಗಳಲ್ಲಿಯೇ ಇದೆ. ಲೈಡನ್ ನಗರದ ವಿಲ್ಲೆಮ್ ಐಂಥೋವನ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹೃದಯದ ವಿದ್ಯುತ್ ಸ್ಪಂದನವನ್ನು ಬರೆಯತೊಡಗಿದಾಗ, ಒಂದು ಮಿಲಿವೋಲ್ಟಿಗೆ 10 ಮಿಲಿಮೀಟರು ಎತ್ತರ, ಒಂದು ಸೆಕೆಂಡಿಗೆ 25 ಮಿಲಿಮೀಟರು ಉದ್ದ ಎಂಬ ಪ್ರಮಾಣವನ್ನು ನಿಶ್ಚಯಿಸಿದರು. ಈಗಲೂ ಇಸಿಜಿ ಪಟ್ಟಿಯನ್ನು ಕೈಗೆತ್ತಿಕೊಂಡು ನೋಡಿ: ಮಿಲಿಮೀಟರಿನ ಚೌಕಳಿಗಳು, ಐದು ಚೌಕಳಿಗೊಂದು ದಪ್ಪ ಗೆರೆ, ಪಟ್ಟಿಯ ಅಂಚಿನಲ್ಲಿ ಬಾಗಿಲ ಚೌಕಟ್ಟಿನ ಆಕಾರದಲ್ಲಿ ಎದ್ದುನಿಂತ ಒಂದು ಗುರುತು. ಆ ಗುರುತು ರೋಗಿಯ ಹೃದಯದ್ದಲ್ಲ; ಯಂತ್ರವು ತಾನಾಗಿ ಹಾಕಿದ ಒಂದು ಮಿಲಿವೋಲ್ಟಿನ ಮಾದರಿ. ಯಂತ್ರವನ್ನು ಅರ್ಧಪ್ರಮಾಣಕ್ಕೆ ತಿರುಗಿಸಿದ್ದರೆ ಆ ಗುರುತೂ ಅರ್ಧಕ್ಕೆ ತಗ್ಗಿ ವೈದ್ಯನನ್ನು ಎಚ್ಚರಿಸುತ್ತದೆ. ಹತ್ತು ವರ್ಷದ ಹಿಂದಿನ ಪಟ್ಟಿಯನ್ನೂ ಇಂದಿನದನ್ನೂ ಮೇಜಿನ ಮೇಲೆ ಮಗ್ಗುಲು ಮಗ್ಗುಲಾಗಿ ಇರಿಸಿ ತಾಳೆ ನೋಡಬಹುದಾದುದು ಈ ಒಂದು ಕಟ್ಟುಪಾಡಿನ ದೆಸೆಯಿಂದ.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಮಸಿಯ ಉರುಳೆಗಾಗಲಿ, ಗಾಜಿನ ಫಲಕಕ್ಕಾಗಲಿ, ಗೆರೆ ಬರೆದ ಗೋಡೆಗಾಗಲಿ ತನ್ನ ಪ್ರಮಾಣವನ್ನು ಬದಲಿಸಿಕೊಳ್ಳುವ ಸಾಮರ್ಥ್ಯವಿರಲಿಲ್ಲ. ಆದಕಾರಣ ಹಿಂದಿನವರಿಗೆ ಅಕ್ಷದ ಸ್ಥಿರತೆಯು ಹೆಚ್ಚಿನ ಪ್ರಯತ್ನವಿಲ್ಲದೆ, ಪದಾರ್ಥಗಳ ಸ್ವಭಾವದಿಂದಲೇ ಲಭಿಸಿತು. ಆ ಸ್ಥಿರತೆಯನ್ನು ಮೊದಲು ಸಡಿಲಿಸಿದ್ದು ಗಣಕಯಂತ್ರ. ಅದಕ್ಕೆ ಕಾರಣವಾದುದು ಯಾರದೋ ಅಲಕ್ಷ್ಯವಲ್ಲ, ಬಹು ನ್ಯಾಯವಾದ ಒಂದು ಅನುಕೂಲ.

1959ರಲ್ಲಿ ಕ್ಯಾಲ್‌ಕಾಂಪ್ ಸಂಸ್ಥೆಯು 565 ಎಂಬ ಉರುಳೆಯ ಪ್ಲಾಟರನ್ನು ಮಾರುಕಟ್ಟೆಗೆ ತಂದಿತು. ಹನ್ನೊಂದು ಅಂಗುಲ ಅಗಲದ ಕಾಗದದ ಸುರುಳಿ. ಅಂಗುಲದ ನೂರನೆಯ ಒಂದು ಭಾಗದಷ್ಟು ಹೆಜ್ಜೆಯಿಡುತ್ತ, ಸೆಕೆಂಡಿಗೆ 300 ಹೆಜ್ಜೆಗಳ ವೇಗದಲ್ಲಿ ಸಾಗುವ ಲೇಖನಿ. ಲೆಕ್ಕದ ಉತ್ತರಗಳು ಲಕ್ಷದಲ್ಲಿರಲಿ, ಲಕ್ಷದ ಒಂದಂಶದಲ್ಲಿರಲಿ, ಅವನ್ನು ಆ ಹನ್ನೊಂದು ಅಂಗುಲದೊಳಗೆ ಹಿಡಿಸುವುದು ಪ್ರೋಗ್ರಾಮು ಬರೆಯುವವನ ಹೊಣೆಯಾಗಿತ್ತು. ಆ ಹೊಣೆಯನ್ನು ಇಳಿಸಲೆಂದು ಪ್ಲಾಟರಿನೊಡನೆ ಬಂದ ಫೋರ್ಟ್ರಾನ್ ಸಬ್‌ರೂಟೀನುಗಳಲ್ಲಿ ‘ಸ್ಕೇಲ್’ ಎಂಬುದೊಂದಿದ್ದಿತು. ಅದು ಅಂಕಿಗಳ ಪಟ್ಟಿಯನ್ನು ಆದ್ಯಂತ ಪರಿಶೀಲಿಸಿ, ಅಕ್ಷವು ಯಾವ ಬೆಲೆಯಿಂದ ಆರಂಭವಾಗಬೇಕು, ಅಂಗುಲವೊಂದಕ್ಕೆ ಎಷ್ಟು ಮಾನವಿರಬೇಕು ಎಂಬೆರಡನ್ನು ನಿರ್ಣಯಿಸಿ, ಆ ಎರಡು ಬೆಲೆಗಳನ್ನು ಪಟ್ಟಿಯ ತುದಿಗೇ ಸೇರಿಸಿಡುತ್ತಿತ್ತು. ಅಕ್ಷದ ಮೇಲಿನ ಅಂಕಿಗಳು ಓದಲು ಸರಳವಾಗಿರಬೇಕೆಂಬುದೂ ವಿದ್ವಾಂಸರ ಚಿಂತನೆಗೆ ವಿಷಯವಾಯಿತು. 1965ರಲ್ಲಿ ಡಿಕ್ಸನ್ ಮತ್ತು ಕ್ರಾನ್‌ಮಲ್ ಎಂಬಿಬ್ಬರು ನಕ್ಷೆಗೆ ಮೂಲಬಿಂದುವನ್ನೂ ಪ್ರಮಾಣವನ್ನೂ ಆರಿಸುವ ಬಗೆಯನ್ನು ಕುರಿತೇ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕಾಗದದ ಮೇಲಿನ ಒಂಟಿ ನಕ್ಷೆಗೆ ಇದು ನಿಜವಾದ ಉಪಕಾರ. ಅಂಕಿಗಳನ್ನು ನೋಡಿ ಅಕ್ಷವು ತಾನಾಗಿ ಹೊಂದಿಕೊಳ್ಳುವ ಈ ಏರ್ಪಾಡೇ ಮುಂದಿನ ಎಲ್ಲ ಗಣಿತತಂತ್ರಾಂಶಗಳಲ್ಲಿಯೂ ಕೇಳದೆ ದೊರೆಯುವ ಸೌಕರ್ಯವಾಯಿತು.

ಅದೇ ದಶಕದಲ್ಲಿ, ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯಗಳಲ್ಲಿ, ಲೆಕ್ಕದ ಉತ್ತರವನ್ನು ಸಿನಿಮಾ ಆಗಿ ತೆಗೆಯುವ ಕಲೆಯು ಬೇರೊಂದು ಯಂತ್ರದ ಆಶ್ರಯದಲ್ಲಿ ಬೆಳೆಯುತ್ತಿದ್ದಿತು. ಸ್ಟ್ರಾಂಬರ್ಗ್-ಕಾರ್ಲ್‌ಸನ್ 4020 ಎಂಬ ಆ ಯಂತ್ರವು ಕ್ಯಾಥೋಡ್ ಕಿರಣದ ನಳಿಗೆಯ ಮುಖದ ಮೇಲೆ ಚಿತ್ರವನ್ನು ಮೂಡಿಸಿ, ಅದನ್ನು ಚೌಕಟ್ಟು ಚೌಕಟ್ಟಾಗಿ ಫಿಲಂ ಮೇಲೆ ಇಳಿಸುತ್ತಿತ್ತು. ಉದ್ದಕ್ಕೆ 1024, ಅಗಲಕ್ಕೆ 1024 ಸ್ಥಾನಗಳು. ಅವುಗಳ ನಡುವೆ ಯಾವ ಬೆಲೆಯು ಎಲ್ಲಿ ಕೂರಬೇಕೆಂಬುದನ್ನು ಪ್ರೋಗ್ರಾಮಿನಲ್ಲಿಯೇ ನಿಗದಿ ಮಾಡಬೇಕಾಗಿತ್ತು. 1963ರಲ್ಲಿ ಎಡ್ವರ್ಡ್ ಜಾಜಾಕ್ ಅವರು ಭೂಮಿಯನ್ನು ಸುತ್ತುವ ಉಪಗ್ರಹವೊಂದು ಹೊರಳಾಡುತ್ತ ಹೊರಳಾಡುತ್ತ ಕೊನೆಗೆ ತನ್ನ ಒಂದು ಮುಖವನ್ನು ಭೂಮಿಯತ್ತ ನಿಲ್ಲಿಸುವ ಪರಿಯನ್ನು ಈ ಸಾಧನದಿಂದಲೇ ಚಿತ್ರಿಸಿದರು.

ಆದರೆ ನಮ್ಮ ಪ್ರಕೃತ ವಿಷಯಕ್ಕೆ 1965ರ ಫಿಲಂ ಒಂದು ಇನ್ನೂ ಹತ್ತಿರವಾದುದು. ಆ ವರ್ಷ ನಾರ್ಮನ್ ಜಬುಸ್ಕಿ ಮತ್ತು ಮಾರ್ಟಿನ್ ಕ್ರುಸ್ಕಲ್ ಅವರು, ಆಳವಿಲ್ಲದ ನೀರಿನ ಅಲೆಗಳನ್ನು ವಿವರಿಸುವ ಕೋರ್ಟ್‌ವೆಗ್-ದ ವ್ರೀಸ್ ಸಮೀಕರಣವನ್ನು ಗಣಕದಿಂದ ಬಿಡಿಸಿ, ಸರಳವಾದ ಒಂದು ಅಲೆಯು ಕ್ರಮೇಣ ಕಡಿದಾಗಿ, ಎಂಟು ಒಂಟಿ ಶಿಖರಗಳಾಗಿ ಒಡೆಯುವುದನ್ನು ಕಂಡರು. ಅವಕ್ಕೆ ‘ಸಾಲಿಟಾನ್’ ಎಂದು ಹೆಸರಿಟ್ಟರು. ಅವರ ಪ್ರಬಂಧದಲ್ಲಿನ ಚಿತ್ರವು ಮೂರು ಬೇರೆ ಬೇರೆ ಕ್ಷಣಗಳ ಅಲೆಯನ್ನು ಚುಕ್ಕೆ, ತುಂಡು ಮತ್ತು ಅಖಂಡ ಗೆರೆಗಳಿಂದ ಒಂದೇ ಅಕ್ಷಗಳ ಮೇಲೆ ತೋರಿಸುತ್ತದೆ. ಮೊದಲ ಅಲೆಯ ಎತ್ತರವು ಒಂದು ಮಾನವಾಗಿದ್ದರೆ, ಕಡೆಯದರಲ್ಲಿ ಅತ್ಯುನ್ನತವಾದ ಶಿಖರವು ಎರಡನ್ನೂ ಮೀರುತ್ತದೆ. ಪ್ರತಿಯೊಂದನ್ನೂ ಅದರದರ ಎತ್ತರಕ್ಕೆ ಹೊಂದಿಸಿ ಬೇರೆ ಬೇರೆ ಬರೆದಿದ್ದರೆ ಈ ಬೆಳವಣಿಗೆಯು ಕಣ್ಣಿಗೆ ಬೀಳುತ್ತಿರಲಿಲ್ಲ.

ಜಿ. ಎಸ್. ಡೀಮ್ ಅವರೊಡಗೂಡಿ ಈ ಇಬ್ಬರು ತೆಗೆದ ಫಿಲಂನ ವಿಷಯವು ಈ ಸಾಲಿಟಾನುಗಳ ಜನನ, ಸಂಚಾರ ಮತ್ತು ಪರಸ್ಪರ ಸಮಾಗಮ. ಎತ್ತರದ ಅಲೆಯು ವೇಗವಾಗಿ ಬಂದು, ಮುಂದೆ ಮೆಲ್ಲನೆ ಸಾಗುತ್ತಿದ್ದ ಕುಳ್ಳ ಅಲೆಯನ್ನು ಹಿಡಿಯುತ್ತದೆ, ಎರಡೂ ಬೆರೆಯುತ್ತವೆ, ಮತ್ತೆ ಬೇರ್ಪಟ್ಟು, ತಮ್ಮ ತಮ್ಮ ಎತ್ತರವನ್ನು ಯಥಾವತ್ತಾಗಿ ಮರಳಿ ಪಡೆದು, ಏನೂ ನಡೆಯದಂತೆ ಮುಂದೆ ಸಾಗುತ್ತವೆ. ಬೆರೆತ ಕ್ಷಣದಲ್ಲಿ ಎತ್ತರಗಳು ಕೂಡಿ ಒಂದು ದೊಡ್ಡ ಶಿಖರವಾಗಬಹುದೆಂದು ನಾವು ನಿರೀಕ್ಷಿಸುತ್ತೇವೆ. ಆದರೆ ಶಿಖರವು ಮೊದಲಿನ ಎತ್ತರದ ಅಲೆಗಿಂತಲೂ ತಗ್ಗುತ್ತದೆ. ಸಾಮಾನ್ಯ ಅಲೆಗಳಂತೆ ಇವು ಬರಿದೆ ಕೂಡಿಕೆಯಾಗುವುದಿಲ್ಲವೆಂಬುದಕ್ಕೆ ಆ ತಗ್ಗೇ ಸಾಕ್ಷಿ. ಅಕ್ಷವು ಪ್ರತಿ ಚೌಕಟ್ಟಿನಲ್ಲಿಯೂ ಅಂದಂದಿನ ಶಿಖರಕ್ಕೆ ಹೊಂದಿಕೊಳ್ಳುವಂತೆ ಬಿಟ್ಟರೆ, ಆ ಸಾಕ್ಷಿಯು ಅಷ್ಟೂ ಅಳಿಸಿಹೋಗುತ್ತದೆ. 1834ರಲ್ಲಿ ಸ್ಕಾಟ್ಲೆಂಡಿನ ಕಾಲುವೆಯೊಂದರಲ್ಲಿ ಇಂಥ ಒಂಟಿ ಅಲೆಯನ್ನು ಮೊದಲು ಕಂಡು, ಕುದುರೆಯನ್ನೇರಿ ಅದರ ಬೆನ್ನುಹತ್ತಿದ ಜಾನ್ ಸ್ಕಾಟ್ ರಸೆಲನು, ಅದು ಅಡಿಯಿಂದ ಒಂದೂವರೆ ಅಡಿಯವರೆಗಿನ ಎತ್ತರವನ್ನು ಬಹುದೂರ ಉಳಿಸಿಕೊಂಡಿತೆಂದು ಹೇಳಲು ಸಾಧ್ಯವಾದುದೂ ಕಾಲುವೆಯ ದಡವು ಉದ್ದಕ್ಕೂ ಒಂದೇ ಆಗಿ ನಿಂತಿದ್ದುದರಿಂದ.

1967ರಲ್ಲಿ ಗೋಲ್ಡ್‌ಬರ್ಗ್, ಶೇ ಮತ್ತು ಶ್ವಾರ್ಟ್ಸ್ ಎಂಬ ಮೂವರು, ಕ್ವಾಂಟಂ ಕಣದ ತರಂಗಗುಚ್ಛವು ತಡೆಗೋಡೆಗೆ ಬಡಿದು, ಕೆಲವಂಶ ಹಿಂದಿರುಗಿ ಕೆಲವಂಶ ದಾಟಿಹೋಗುವುದನ್ನು ಫಿಲಂ ಆಗಿ ತೆಗೆದರು. ಅದರ ಚೌಕಟ್ಟುಗಳು ಪಠ್ಯಪುಸ್ತಕವನ್ನೂ ಸೇರಿದುವು. ತರಂಗಗುಚ್ಛವು ಸಾಗಿದಂತೆ ಅಗಲವಾಗುತ್ತದೆ. ಅದರ ಕೆಳಗಿನ ವಿಸ್ತೀರ್ಣವು ಒಟ್ಟು ಸಂಭಾವ್ಯತೆಯಾದುದರಿಂದ ಬದಲಾಗಲಾರದು. ತತ್ಕಾರಣ ಎತ್ತರವು ತಗ್ಗಲೇಬೇಕು. ಈ ಮಾತನ್ನು ಕಣ್ಣು ಗ್ರಹಿಸಬೇಕಾದರೆ ಅಕ್ಷವು ನಿಲ್ಲಬೇಕು.

ಇನ್ನು ನಮ್ಮ ಕಾಲದ ತಂತ್ರಾಂಶಗಳಿಗೆ ಬರೋಣ. ನ್ಯೂ ಮೆಕ್ಸಿಕೊ ವಿಶ್ವವಿದ್ಯಾನಿಲಯದಲ್ಲಿ ಕ್ಲೀವ್ ಮೋಲರ್ ಅವರು 1970ರ ದಶಕದ ಉತ್ತರಾರ್ಧದಲ್ಲಿ ವಿದ್ಯಾರ್ಥಿಗಳಿಗಾಗಿ ಬರೆದ ಮ್ಯಾಟ್‌ಲ್ಯಾಬ್ 1984ರಲ್ಲಿ ವಾಣಿಜ್ಯ ತಂತ್ರಾಂಶವಾಯಿತು. 1986ರಲ್ಲಿ ನುಪ್ಲಾಟ್ ಬಂದಿತು. 1990ರ ದಶಕದ ಆದಿಯಲ್ಲಿ ಜಾನ್ ಈಟನ್ ಅವರ ಆಕ್ಟೇವ್ ಬಂದಿತು. 2003ರಲ್ಲಿ, ಮೆದುಳಿನ ವಿದ್ಯುತ್ ಸಂಕೇತಗಳನ್ನು ನೋಡುವ ಸಾಧನವನ್ನು ಅರಸುತ್ತಿದ್ದ ಜಾನ್ ಹಂಟರ್ ಅವರ ಕೈಯಿಂದ ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್ ಬಂದಿತು. ಇವೆಲ್ಲವೂ ಪ್ಲಾಟರಿನ ಕಾಲದ ಸ್ವಯಂಹೊಂದಿಕೆಯನ್ನು ಬಳುವಳಿಯಾಗಿ ಪಡೆದುವು. ಕಾಗದಕ್ಕಾಗಿ ಹುಟ್ಟಿದ ಸೌಕರ್ಯವು ಚಲಚ್ಚಿತ್ರಕ್ಕೂ ಹೀಗೆ ಅನ್ವಯವಾದಾಗ ಏನಾಗುವುದೆಂಬುದನ್ನು ಒಂದೆರಡು ನಿದರ್ಶನಗಳಿಂದ ನೋಡಬಹುದು.

ಎರಡು ತುದಿಗಳನ್ನೂ ಮಂಜುಗಡ್ಡೆಯಲ್ಲಿಟ್ಟ ಲೋಹದ ಸರಳೊಂದರ ನಡುಭಾಗವು 100 ಡಿಗ್ರಿ ಕಾದಿದೆ, ತುದಿಗಳತ್ತ ಉಷ್ಣತೆಯು ಸೈನ್ ವಕ್ರದಂತೆ ಇಳಿದಿದೆ ಎಂದು ಭಾವಿಸಿ. ಫೂರಿಯೆ 1822ರ ತನ್ನ ಗ್ರಂಥದಲ್ಲಿ ನಿರೂಪಿಸಿದ ಉಷ್ಣವಹನದ ಸಮೀಕರಣದ ಪ್ರಕಾರ ಸರಳು ತಣಿಯುತ್ತ ಹೋದರೂ ವಕ್ರದ ಆಕಾರವು ಬದಲಾಗದು; ಎತ್ತರವೊಂದೇ ಕುಗ್ಗುವುದು. ಅಕ್ಷವನ್ನು ಅದರ ಪಾಡಿಗೆ ಬಿಟ್ಟು ಚಲಚ್ಚಿತ್ರವನ್ನು ಓಡಿಸಿದರೆ, ನೂರು ಡಿಗ್ರಿಯಿಂದ ಒಂದು ಡಿಗ್ರಿಗೆ ಇಳಿಯುವ ಸರಳಿನ ವಕ್ರವು ತೆರೆಯ ಮೇಲಿನ ಅಂಚಿನ ಬಳಿಯಲ್ಲಿಯೇ ಉಳಿಯುತ್ತದೆ. ತುಸು ಕೆಳಗಿಳಿದಂತೆ ತೋರುವುದು. ಅಷ್ಟರಲ್ಲಿ ಅಕ್ಷದ ತುದಿಯು 100ರಿಂದ 90ಕ್ಕೆ, 90ರಿಂದ 80ಕ್ಕೆ ಬದಲಾಗಿ, ವಕ್ರವು ಸಟ್ಟನೆ ಮೇಲಕ್ಕೆ ನೆಗೆಯುವುದು. ತಣಿಯುತ್ತಿರುವ ಸರಳು ಮರಳಿ ಮರಳಿ ಕಾಯುತ್ತಿರುವಂತೆ ಕಣ್ಣಿಗೆ ಭ್ರಾಂತಿಯಾಗುತ್ತದೆ. ಸತ್ಯವೆಲ್ಲವೂ ಎಡಗಡೆಯ ಸಣ್ಣ ಅಂಕಿಗಳಲ್ಲಿ ಅಡಗಿರುತ್ತದೆ.

ಎರಡನೆಯ ನಿದರ್ಶನವು ಇದಕ್ಕಿಂತ ಆಶ್ಚರ್ಯಕರ. ವೀಣೆಯ ತಂತಿಯಂತೆ ಕಂಪಿಸುವ ತಂತಿಯು ಪ್ರತಿ ಆಂದೋಲನದಲ್ಲಿಯೂ ಎರಡು ಬಾರಿ ನೇರವಾದ ಗೆರೆಯಾಗುತ್ತದೆ. ಆ ಕ್ಷಣದಲ್ಲಿ ಉತ್ತರವು ಶೂನ್ಯವಾಗಿರಬೇಕು. ಆದರೆ ಗಣಕವು ದಶಮಾಂಶಗಳನ್ನು ಹದಿನಾರು ಅಂಕಿಗಳ ಸುಮಾರಿಗೆ ಮೊಟಕುಗೊಳಿಸುವುದರಿಂದ, ದಶಮಾಂಶಬಿಂದುವಿನ ಆಚೆ ಹದಿನಾರು ಸೊನ್ನೆಗಳ ತರುವಾಯದ ಒಂದು ಶೇಷವು ಉಳಿದಿರುತ್ತದೆ. ಸ್ವಯಂಹೊಂದಿಕೆಯ ಅಕ್ಷವು ಆ ಶೇಷವನ್ನೇ ಹಿಗ್ಗಿಸಿ ತೆರೆಯ ತುಂಬ ತೋರಿಸುತ್ತದೆ! ತಂತಿಯು ಮಲಗಿರಬೇಕಾದ ಹೊತ್ತಿನಲ್ಲಿ ಪೂರ್ಣವಾಗಿ ಬಾಗಿ ನಿಂತಿದೆಯೆಂದು ಚಿತ್ರವು ಸಾರುತ್ತದೆ.

ಇದಕ್ಕೆ ಪರಿಹಾರವು ಬಹುಕಾಲದಿಂದ ಒಂದೇ ಸಾಲಿನ ಆಜ್ಞೆಯಾಗಿದೆ. ಮ್ಯಾಟ್‌ಲ್ಯಾಬಿನ ಹಳೆಯ ಬಳಕೆದಾರರು ‘ಆಕ್ಸಿಸ್’ ಎಂಬ ಆಜ್ಞೆಗೆ ‘ಆಕ್ಸಿಸ್’ ಎಂಬುದನ್ನೇ ಒಳಗಿನ ಬೆಲೆಯಾಗಿ ಕೊಡುತ್ತಿದ್ದರು: ಒಳಗಿನದು ಈಗಿರುವ ಮಿತಿಗಳನ್ನು ಕೇಳಿ ತಿಳಿಯುವುದು, ಹೊರಗಿನದು ಅವನ್ನೇ ಕಾಯಂ ಮಾಡುವುದು. ಮುಂದೆ ಅದಕ್ಕೆ ‘ಆಕ್ಸಿಸ್ ಮ್ಯಾನ್ಯುಯಲ್’ ಎಂಬ ನೇರವಾದ ರೂಪವು ಬಂದಿತು. ನುಪ್ಲಾಟಿನಲ್ಲಿ ‘ಸೆಟ್ ವೈರೇಂಜ್’, ಮ್ಯಾಟ್‌ಪ್ಲಾಟ್‌ಲಿಬ್ಬಿನಲ್ಲಿ ‘ಸೆಟ್ ವೈಲಿಮ್’. ಇಷ್ಟಾದರೂ ಹೊಸಬರು ಎಡವುವ ಸ್ಥಳವೊಂದಿದೆ. ಮ್ಯಾಟ್‌ಲ್ಯಾಬಿನಲ್ಲಿ ‘ಪ್ಲಾಟ್’ ಎಂಬ ಆಜ್ಞೆಯು ಕರೆದಾಗಲೆಲ್ಲ ಹಳೆಯ ಚಿತ್ರದ ಸಂಗಡ ಅಕ್ಷದ ಕಟ್ಟನ್ನೂ ಬಿಚ್ಚಿ ಹೊಸದಾಗಿ ಆರಂಭಿಸುವುದರಿಂದ, ಆವರ್ತನೆಗೆ ಮೊದಲು ಒಂದು ಸಲ ಮಿತಿಗಳನ್ನು ಬರೆದು ನಿಶ್ಚಿಂತರಾದವರು ಮೊದಲ ಚೌಕಟ್ಟಿನಲ್ಲಿಯೇ ಅದನ್ನು ಕಳೆದುಕೊಳ್ಳುತ್ತಾರೆ. ಮಿತಿಯ ಆಜ್ಞೆಯನ್ನು ಪ್ರತಿ ಸಲವೂ ‘ಪ್ಲಾಟ್’ನ ತರುವಾಯ ಕೊಡಬೇಕು, ಅಥವಾ ರೇಖೆಯನ್ನು ಒಮ್ಮೆ ಮಾತ್ರ ಬರೆದು, ಮುಂದಕ್ಕೆ ಅದರ ಬಿಂದುಗಳ ಬೆಲೆಯನ್ನಷ್ಟೆ ಬದಲಿಸುತ್ತ ಹೋಗಬೇಕು. ಎರಡನೆಯದೇ ಉತ್ತಮವಾದ ಮಾರ್ಗ. 2011ರಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ಬಿಗೆ ಸೇರಿದ ಚಲಚ್ಚಿತ್ರ ವಿಭಾಗವು ಈ ಮಾರ್ಗಕ್ಕೆ ಒಗ್ಗುವಂತೆಯೇ ರಚಿತವಾಗಿದೆ. ಹಿನ್ನೆಲೆಯನ್ನೂ ಅಕ್ಷವನ್ನೂ ಒಮ್ಮೆ ಬರೆದಿಟ್ಟುಕೊಂಡು, ಬದಲಾಗುವ ರೇಖೆಯನ್ನು ಮಾತ್ರ ಮತ್ತೆ ಮತ್ತೆ ಬರೆಯುವ ಉಪಾಯದಿಂದ ಯಂತ್ರದ ಶ್ರಮವೂ ಉಳಿಯುತ್ತದೆ.

ಬಣ್ಣವೂ ಒಂದು ಅಕ್ಷವೇ ಎಂಬುದನ್ನು ಅನೇಕರು ಮರೆಯುತ್ತಾರೆ. ಉಷ್ಣತೆಯನ್ನು ಕೆಂಪು-ನೀಲಿಗಳಿಂದ ತೋರಿಸುವ ಚಲಚ್ಚಿತ್ರದಲ್ಲಿ ಯಾವ ಕೆಂಪು ಎಷ್ಟು ಡಿಗ್ರಿ ಎಂಬುದು ಚೌಕಟ್ಟಿನಿಂದ ಚೌಕಟ್ಟಿಗೆ ಬದಲಾಗುತ್ತಿದ್ದರೆ ಆ ಚಿತ್ರದಿಂದ ಯಾವ ಪ್ರಯೋಜನವೂ ಇಲ್ಲ. ಮೂರು ಆಯಾಮದ ವಸ್ತುವನ್ನು ತಿರುಗಿಸಿ ತೋರಿಸುವಾಗ ಅದು ಹಿಗ್ಗಿ ಕುಗ್ಗದಂತೆ ತಡೆಯಲು ಮ್ಯಾಟ್‌ಲ್ಯಾಬಿನಲ್ಲಿ ಬೇರೊಂದು ಆಜ್ಞೆಯೇ ಇದೆ.

ಮಿತಿಗಳನ್ನು ಮೊದಲೇ ಅರಿಯುವುದು ಹೇಗೆಂದು ಕೇಳುವವರುಂಟು. ಲೆಕ್ಕವನ್ನು ಪೂರ್ತಿ ಮುಗಿಸಿ, ಎಲ್ಲ ಕಾಲಗಳಲ್ಲಿನ ಗರಿಷ್ಠ ಕನಿಷ್ಠಗಳನ್ನು ಕಂಡುಕೊಂಡು, ಅನಂತರ ಚಿತ್ರವನ್ನು ಬರೆಯಬೇಕು. ಕೆಲವೆಡೆ ಗಣಿತವೇ ಮುಂಚಿತವಾಗಿ ಹೇಳುತ್ತದೆ: ಉಷ್ಣವಹನದ ಸಮೀಕರಣದಲ್ಲಿ ಗರಿಷ್ಠ ಉಷ್ಣತೆಯು ಆದಿಯಲ್ಲಿ ಇಲ್ಲವೆ ತುದಿಗಳಲ್ಲಿ ಮಾತ್ರ ಇರಬಲ್ಲುದೆಂಬ ಪ್ರಮೇಯವಿರುವುದರಿಂದ, ಮೊದಲ ಚೌಕಟ್ಟನ್ನೂ ಸರಳಿನ ತುದಿಗಳನ್ನೂ ನೋಡಿಯೇ ಅಕ್ಷವನ್ನು ನಿಶ್ಚಯಿಸಬಹುದು. ಕೊನೆಯಿಲ್ಲದೆ ಬರುತ್ತಿರುವ ಸಂಕೇತಗಳನ್ನು ನೋಡುವಾಗ ಕಾಲದ ಅಕ್ಷವು ಮುಂದೆ ಜರುಗಲೇಬೇಕು. ಆಗಲೂ ಇಸಿಜಿಯ ಕಾಗದದಂತೆ ಅದು ಜರುಗಬಹುದೇ ಹೊರತು ಹಿಗ್ಗಬಾರದೆಂಬುದು ನನ್ನ ಅಭಿಪ್ರಾಯ. ಬೆಲೆಗಳು ಹತ್ತರಿಂದ ಲಕ್ಷಕ್ಕೆ ಬೆಳೆಯುವಲ್ಲಿ ಲಾಗರಿದಮ್ ಪ್ರಮಾಣವನ್ನು ಹಿಡಿದು ಅದನ್ನೇ ಸ್ಥಿರವಾಗಿರಿಸಬೇಕು.

ಈ ಕಡೆಯ ವಿಧಾನವನ್ನು ಲೋಕಕ್ಕೆಲ್ಲ ಪರಿಚಯಿಸಿದವರು ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್. ಅವರಿಗೂ ನಮ್ಮ ನಾಡಿಗೂ ನಿಜವಾದ ಸಂಬಂಧವೊಂದುಂಟು. 1972ರಲ್ಲಿ ಅವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಕಾಲ ವ್ಯಾಸಂಗ ಮಾಡಿದರು. ಇಲ್ಲಿಯ ಸಹಪಾಠಿಗಳು ತನಗಿಂತ ಎಷ್ಟೋ ಮುಂದಿದ್ದುದನ್ನು ಕಂಡು ಜಗತ್ತಿನ ಬಗೆಗಿನ ತನ್ನ ಎಣಿಕೆಯೇ ಬದಲಾಯಿತೆಂದು ಅವರು ಮುಂದೆ ಹೇಳಿಕೊಂಡರು. ಒಂದೊಂದು ದೇಶವನ್ನು ಒಂದೊಂದು ಗುಳ್ಳೆಯಾಗಿ ಮಾಡಿ ವರ್ಷದಿಂದ ವರ್ಷಕ್ಕೆ ಚಲಿಸುವಂತೆ ತೋರಿಸಿದ ಅವರ ನಕ್ಷೆಯು 2006ರಿಂದ ಲೋಕಪ್ರಿಯವಾಯಿತು. 2010ರಲ್ಲಿ ಬಿಬಿಸಿಗಾಗಿ ಇನ್ನೂರು ವರ್ಷಗಳ ಇತಿಹಾಸವನ್ನು ನಾಲ್ಕು ನಿಮಿಷಗಳಲ್ಲಿ ವಿವರಿಸುವಾಗ ಅವರು ಮಾಡಿದ ಮೊದಲ ಕೆಲಸವೆಂದರೆ ಅಕ್ಷಗಳನ್ನು ಪರಿಚಯ ಮಾಡಿಕೊಟ್ಟದ್ದು: ಆಯುಸ್ಸಿಗೆ 25ರಿಂದ 75 ವರ್ಷ, ವರಮಾನಕ್ಕೆ 400, 4,000, 40,000 ಡಾಲರು. ಅಲ್ಲಿಂದ ಮುಂದೆ 1810ರಿಂದ ಎರಡು ಶತಮಾನಗಳು ಉರುಳಿದರೂ ಆ ಅಂಕಿಗಳು ಸ್ಥಳವನ್ನು ಬಿಟ್ಟು ಕದಲಲಿಲ್ಲ. ಅದಕ್ಕೆ ಮುಂಚೆ, 2009ರ ನವೆಂಬರಿನಲ್ಲಿ, ನಮ್ಮ ಮೈಸೂರಿನಲ್ಲಿಯೇ ನಡೆದ ಸಮಾವೇಶದಲ್ಲಿ ಅವರು ಇಂಥದೇ ನಕ್ಷೆಯ ಮೇಲೆ 1858ರಿಂದೀಚೆಗೆ ಭಾರತವೂ ಚೀನಾವೂ ಸಾಗಿ ಬಂದ ದಾರಿಯನ್ನು ತೋರಿಸಿದರು. ಸಿರಿವಂತ ದೇಶಗಳನ್ನು ಇವು ಸರಿಗಟ್ಟುವ ದಿನ 2048ರ ಜುಲೈ 27 ಎಂದೂ, ಅದು ತಮ್ಮ ನೂರನೆಯ ಹುಟ್ಟುಹಬ್ಬವೆಂದೂ ನುಡಿದರು. ಆ ದಿನವನ್ನು ನೋಡಲು ಅವರು ಉಳಿಯಲಿಲ್ಲ, 2017ರಲ್ಲಿ ತೀರಿಕೊಂಡರು.

ನಮ್ಮ ಪ್ರೌಢಶಾಲೆಗಳಲ್ಲಿ ಗ್ರಾಫ್ ಹಾಳೆಯ ಮೂಲೆಯಲ್ಲಿ ಎರಡು ಅಕ್ಷಗಳ ಪ್ರಮಾಣವನ್ನೂ ಬರೆಯಬೇಕೆಂದು ಉಪಾಧ್ಯಾಯರು ಬಹು ಶ್ರದ್ಧೆಯಿಂದ ಕಲಿಸುತ್ತಾರೆ. ಬರೆಯದವನಿಗೆ ಅಂಕ ಕಳೆಯುತ್ತಾರೆ. ಕಾಲೇಜಿಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತೊಡನೆ ಆ ಶಿಕ್ಷಣವು ಬಿಟ್ಟುಹೋಗುತ್ತದೆ. ಚಲಿಸುವ ನಕ್ಷೆಯನ್ನು ಒಪ್ಪಿಸುವ ವಿದ್ಯಾರ್ಥಿಯಿಂದಲೂ ನಮ್ಮ ಅಧ್ಯಾಪಕರು ಅದೇ ಎರಡು ಸಾಲುಗಳನ್ನು ಕೇಳಿ ಪಡೆಯಲಿ: ಅಕ್ಷಗಳ ಮಿತಿ ಎಲ್ಲಿಂದ ಎಲ್ಲಿಗೆ, ಮತ್ತು ಅವು ಮೊದಲ ಚೌಕಟ್ಟಿನಿಂದ ಕೊನೆಯ ಚೌಕಟ್ಟಿನವರೆಗೆ ಬದಲಾಗಿಲ್ಲವೆಂಬ ಮಾತು.